ಮನೆಗೆ ಪಾಲಿಕೆಯ ನೋಟೀಸು ಬಂದರೆ



ಸಂಘಗಳ ಸಾಲದ ಅರ್ಜಿಗಳನ್ನು ನೋಡುವಾಗ ಒಂದು ಉದ್ದೇಶ ನಮಗೆ ಮತ್ತೆ ಮತ್ತೆ ಕಾಣುತ್ತದೆ. ‘ಮನೆ ರಿಪೇರಿ’. ರಿಪೇರಿ ಅಂದರೆ ಏನಮ್ಮಾ ಅಂತ ಕೇಳಿದರೆ ಕೆಲವರಿಗೆ ಸೋರುವ ಹೆಂಚು ಬದಲಿಸುವುದು, ಕೆಲವರಿಗೆ ಶೌಚಾಲಯ ಕಟ್ಟಿಸುವುದು. ಪಟ್ಟಣದ ಸಂಘಗಳಲ್ಲಿ ಮಾತ್ರ ಅನೇಕರಿಗೆ ಅದು ಮೇಲೊಂದು ರೂಮು ಎಬ್ಬಿಸುವುದು. ಮಗನಿಗೆ ಮದುವೆ ಆಯಿತು, ಜಾಗ ಸಾಲದು. ಅಥವಾ ಒಂದು ರೂಮು ಬಾಡಿಗೆಗೆ ಕೊಟ್ಟರೆ ಸಂಘದ ಕಂತು ಅದರಲ್ಲೇ ತೀರುತ್ತದೆ. ಲೆಕ್ಕ ಚೆನ್ನಾಗಿಯೇ ಇದೆ. ಸಿಮೆಂಟು, ಕಬ್ಬಿಣ, ಮರಳು, ಮೇಸ್ತ್ರಿಯ ಕೂಲಿ ಎಲ್ಲಾ ಬರೆದಿರುತ್ತಾರೆ. ಪರವಾನಗಿ ಅನ್ನುವ ಬಾಬು ಮಾತ್ರ ಬಿಟ್ಟು ಹೋಗಿರುತ್ತದೆ.

ಮೋಲ್ಡ್ ಹಾಕಿದ ಮೇಲೆ ಒಂದು ದಿನ ಪಾಲಿಕೆಯಿಂದ ಕಾಗದ ಬರುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಇರುವವರು ಹೆಂಗಸರೇ. ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಕೆಲವರು ತೆಗೆದುಕೊಂಡು ಅಕ್ಕಿ ಡಬ್ಬಿಯ ಕೆಳಗೋ ಫೋಟೋದ ಹಿಂದೆಯೋ ಸೇರಿಸಿಡುತ್ತಾರೆ. ಗಂಡನಿಗೆ ಹೇಳಿದರೆ ಜಗಳ, ಅತ್ತೆಗೆ ಹೇಳಿದರೆ ಅಳು. ಹಾಗಾಗಿ ಕಾಗದ ಅಲ್ಲೇ ಉಳಿಯುತ್ತದೆ, ದಿನ ಮಾತ್ರ ಕಳೆಯುತ್ತದೆ. ಈ ತಿಂಗಳ ಪಾಠ ಆ ಕಾಗದದ ಬಗ್ಗೆ. ನೋಟೀಸು ಅಂದರೆ ಮನೆ ಹೋಯಿತು ಅಂತ ಅರ್ಥವಲ್ಲ. ಅದು ದಿನಾಂಕ ಹಾಕಿ ಕೇಳಿದ ಒಂದು ಪ್ರಶ್ನೆ. ಆ ದಿನದೊಳಗೆ ಬರೆದು ಉತ್ತರ ಕೊಟ್ಟವರಿಗೆ ದಾರಿಗಳು ಉಳಿಯುತ್ತವೆ. ಸುಮ್ಮನಿದ್ದವರಿಗೆ ಒಂದೊಂದಾಗಿ ಮುಚ್ಚಿ ಹೋಗುತ್ತವೆ.

ಈ ನಿಯಮಗಳು ಯಾಕೆ?

“ನಮ್ಮ ಜಾಗ, ನಮ್ಮ ದುಡ್ಡು, ಇವರಿಗೇನು?” ಎಂಬ ಮಾತನ್ನು ಎಲ್ಲಾ ಸಭೆಗಳಲ್ಲೂ ಕೇಳುತ್ತೇವೆ. ಮನೆ ಕಟ್ಟುವವರು ಸುತ್ತ ಇಷ್ಟು ಜಾಗ ಬಿಡಬೇಕು, ಇಷ್ಟೇ ಅಂತಸ್ತು ಏರಿಸಬೇಕು, ನಕ್ಷೆ ಮಂಜೂರು ಮಾಡಿಸಿಕೊಂಡು ಅದರಂತೆಯೇ ಕಟ್ಟಬೇಕು ಎಂದು ಊರಿನ ಕಟ್ಟಡ ಉಪವಿಧಿಗಳು ಹೇಳುತ್ತವೆ. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಸಾಲುಮನೆಗಳಲ್ಲಿ ನಿಮ್ಮಲ್ಲಿ ಅನೇಕರು ಬಾಳುತ್ತಿದ್ದೀರಿ. ಹಗಲಲ್ಲೂ ದೀಪ ಹಾಕಬೇಕು, ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಒಬ್ಬರಿಗೆ ಕೆಮ್ಮು ಬಂದರೆ ಮನೆಮಂದಿಗೆಲ್ಲಾ ಬರುತ್ತದೆ. ಸಜ್ಜಾ ರಸ್ತೆಯ ಕಡೆ ಚಾಚಿಕೊಂಡು ವಿದ್ಯುತ್ ತಂತಿ ಕೈಗೆ ಎಟುಕುವಂತೆ ಇರುವ ಮನೆಗಳನ್ನೂ ನೋಡಿದ್ದೇವೆ, ಮಕ್ಕಳು ಅಲ್ಲೇ ನಿಂತು ಗಾಳಿಪಟ ಹಾರಿಸುತ್ತಾರೆ. ಗಾಳಿ, ಬೆಳಕು, ಬೆಂಕಿ ಬಿದ್ದರೆ ಹೊರಗೆ ಓಡಲು ದಾರಿ, ಇವೇ ಆ ಅಳತೆಗಳ ಹಿಂದಿರುವುದು.

ಅದಕ್ಕಿಂತ ದೊಡ್ಡದು ಪಾಯದ ಪ್ರಶ್ನೆ. ಒಂದು ಅಂತಸ್ತಿಗೆ ಹಾಕಿದ ಪಾಯದ ಮೇಲೆ ಮೂರು ಅಂತಸ್ತು ಏರಿಸಿದರೆ ಭಾರ ತಡೆಯುವವರು ಯಾರು? 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಪ್ರಾಣ ಕಳೆದುಕೊಂಡರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹೊಟ್ಟೆಪಾಡಿಗೆ ದೂರದಿಂದ ಬಂದಿದ್ದ ಕೂಲಿಕಾರರು ಸತ್ತರು. ಗಾರೆ ಕೆಲಸಕ್ಕೆ ಹೋಗುವ ಅಕ್ಕಂದಿರು ನಮ್ಮ ಸಂಘಗಳಲ್ಲೂ ಇದ್ದಾರಲ್ಲ, ಅವರನ್ನು ನೆನೆಸಿಕೊಂಡು ಇದನ್ನು ಓದಿ.

ನಿಯಮ ಎಲ್ಲರಿಗೂ ಒಂದೇ ರೀತಿ ನಡೆಯುತ್ತದೆಯೇ? ಇಲ್ಲ. ದೊಡ್ಡವರ ಕಟ್ಟಡ ನಾಲ್ಕು ಅಂತಸ್ತು ಜಾಸ್ತಿ ಏಳುವವರೆಗೆ ಯಾರಿಗೂ ಕಾಣುವುದಿಲ್ಲ, ಬಡವರ ಶೀಟಿನ ರೂಮು ಮಾತ್ರ ಮೊದಲ ದಿನವೇ ಕಾಣುತ್ತದೆ. ಇದು ಅನ್ಯಾಯವೇ. ಆದರೆ “ಅವರದ್ದು ಮೊದಲು ಒಡೆಯಿರಿ” ಎಂಬ ಮಾತು ಕಚೇರಿಯಲ್ಲಿ ಉತ್ತರವಾಗಿ ನಿಲ್ಲುವುದಿಲ್ಲ. ನಿಲ್ಲುವುದು ಕಾಗದ.

ನೋಟೀಸು ಹೇಗೆ ಬರುತ್ತದೆ?

ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗದಂಥ ಮಹಾನಗರ ಪಾಲಿಕೆಗಳು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ ನಡೆಯುತ್ತವೆ. ಪುರಸಭೆ, ನಗರಸಭೆ ಇರುವ ಊರುಗಳಿಗೆ 1964ರ ಪುರಸಭೆಗಳ ಕಾಯ್ದೆ ಇದೆ. ಬೆಂಗಳೂರಿನಲ್ಲಿ 2025ರಿಂದ ಹೊಸ ಕಾಯ್ದೆ ಬಂದು ಒಂದರ ಬದಲು ಐದು ಪಾಲಿಕೆಗಳಾಗಿವೆ. ಇಲ್ಲಿ ನಾವು 1976ರ ಕಾಯ್ದೆಯನ್ನೇ ಹಿಡಿದು ಹೇಳುತ್ತೇವೆ.

ಆ ಕಾಯ್ದೆಯ 321ನೇ ಕಲಮು ಮುಖ್ಯ. ನೋಟೀಸಿನ ಮೇಲೆ ಈ ಸಂಖ್ಯೆ ಇದೆಯೇ ನೋಡಿ. ವಾರ್ಡಿನ ಎಂಜಿನಿಯರ್ ಬಂದು ಅಳೆದು, ನಕ್ಷೆ ಇಲ್ಲದೆ ಕಟ್ಟಿದ್ದಾರೆ ಅಥವಾ ನಕ್ಷೆಯನ್ನು ಮೀರಿ ಕಟ್ಟಿದ್ದಾರೆ ಎಂದು ವರದಿ ಕೊಟ್ಟ ಮೇಲೆ ಆಯುಕ್ತರು ಮೊದಲು ಒಂದು ತಾತ್ಕಾಲಿಕ ಆದೇಶ ಮಾಡುತ್ತಾರೆ. ಇಷ್ಟು ಭಾಗ ತೆಗೆಯಬೇಕು ಅಥವಾ ಸರಿಪಡಿಸಬೇಕು ಅಂತ ಅದರಲ್ಲಿ ಇರುತ್ತದೆ. ಅದರ ಜೊತೆಗೇ ಒಂದು ನೋಟೀಸು: ಈ ಆದೇಶವನ್ನು ಯಾಕೆ ಖಾಯಂ ಮಾಡಬಾರದು, ಇಷ್ಟು ದಿನದೊಳಗೆ ಕಾರಣ ಹೇಳಿ. ಇದೇ ಆ ಪ್ರಶ್ನೆ. ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಆಯುಕ್ತರು ಆದೇಶವನ್ನು ಖಾಯಂ ಮಾಡುತ್ತಾರೆ. ಆಗ ಅದು ಮನೆಯವರನ್ನು ಕಟ್ಟಿಹಾಕುತ್ತದೆ. ತಾವೇ ತೆಗೆಯದಿದ್ದರೆ ಪಾಲಿಕೆ ತೆಗೆಸುತ್ತದೆ, ತೆಗೆಸಿದ ಖರ್ಚನ್ನೂ ಮನೆಯವರಿಂದಲೇ ವಸೂಲು ಮಾಡುತ್ತದೆ. ಖಾಯಂ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಅದಕ್ಕೂ ದಿನಗಳ ಗಡುವು ಇದೆ.

ಜಿಲ್ಲೆಯ ಒಬ್ಬ ಬಡ ಹೆಂಗಸಿಗೆ ಆ ಕಾಗದದ ಭಾಷೆ ತಲೆಗೆ ಹತ್ತುವುದಿಲ್ಲ, ನಮಗೂ ಎರಡು ಸಲ ಓದಬೇಕಾಗುತ್ತದೆ. ಹಾಗಾಗಿ ಮೂರೇ ವಿಷಯ ಹುಡುಕಿ. ದಿನಾಂಕ ಯಾವುದು, ಯಾವ ಭಾಗದ ಬಗ್ಗೆ ಹೇಳಿದ್ದಾರೆ, ಎಷ್ಟು ದಿನ ಕೊಟ್ಟಿದ್ದಾರೆ. ಸಂಘದಲ್ಲಿ ಓದು ಬಲ್ಲವರು ಇದ್ದರೆ ಅವರಿಂದ ಓದಿಸಿ.

ಇನ್ನೊಂದು ಸಂದೇಹ, “ಸೈನ್ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲವೇ ಸಿಸ್ಟರ್?” ಅಲ್ಲ. ‘ತಲುಪಿದೆ’ ಎಂದು ಬರೆದು, ಆ ದಿನದ ತಾರೀಖು ಹಾಕಿ ಸಹಿ ಮಾಡಿದರೆ ಕಾಗದ ಬಂತು ಎಂದು ಮಾತ್ರ ಅರ್ಥ. ತಾರೀಖು ನೀವೇ ಬರೆಯಿರಿ, ಖಾಲಿ ಬಿಡಬೇಡಿ, ಏನೂ ಬರೆಯದ ಹಾಳೆಗೆ ಸಹಿ ಹಾಕಬೇಡಿ. ತೆಗೆದುಕೊಳ್ಳದೆ ಬಾಗಿಲು ಹಾಕಿದರೆ ಗೋಡೆಗೆ ಅಂಟಿಸಿ ಹೋಗುತ್ತಾರೆ. ನಿಮ್ಮ ಕೈಯಲ್ಲಿ ಪ್ರತಿ ಇರುವುದಿಲ್ಲ, ದಿನ ಓಡುತ್ತಲೇ ಇರುತ್ತದೆ.

ಉತ್ತರ ಹೀಗಿರಲಿ

ಮೊದಲು ಕೆಲಸ ನಿಲ್ಲಿಸಿ. ನೋಟೀಸು ಬಂತು, ರಾತ್ರೋರಾತ್ರಿ ಮುಗಿಸಿಬಿಡೋಣ ಅಂತ ಮೇಸ್ತ್ರಿ ಹೇಳುತ್ತಾನೆ. ಅವನ ಕೂಲಿ ಅವನಿಗೆ ಬರುತ್ತದೆ, ಒಡೆದರೆ ನಷ್ಟ ನಿಮ್ಮದು. ಆಮೇಲೆ ಖಾತಾ, ಕಂದಾಯದ ರಸೀದಿ, ಹಕ್ಕುಪತ್ರ ಅಥವಾ ಕ್ರಯಪತ್ರ, ನಕ್ಷೆ ಇದ್ದರೆ ನಕ್ಷೆ, ಎಲ್ಲದರ ಜೆರಾಕ್ಸ್ ಮಾಡಿಸಿ. ಬಳಿಕ ಬಿಳಿ ಹಾಳೆಯಲ್ಲಿ ಹೀಗೆ ಬರೆಯಬಹುದು:

“ಮಾನ್ಯ ಆಯುಕ್ತರಿಗೆ. ವಿಷಯ: ದಿನಾಂಕ ....ರ ನೋಟೀಸು ಸಂಖ್ಯೆ ....ಕ್ಕೆ ಉತ್ತರ. ಈ ನೋಟೀಸು ನನಗೆ ದಿನಾಂಕ ....ರಂದು ತಲುಪಿದೆ. ಕಟ್ಟಡದ ಕೆಲಸವನ್ನು ಅಂದಿನಿಂದ ನಿಲ್ಲಿಸಿದ್ದೇನೆ. ನನ್ನ ಮನೆಯ ದಾಖಲೆಗಳ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಯಾವ ಭಾಗ ಎಷ್ಟು ಅಳತೆಯಲ್ಲಿ ನಿಯಮ ಮೀರಿದೆ ಎಂಬುದನ್ನು ಸ್ಥಳ ಪರಿಶೀಲನೆಯ ವರದಿಯ ಪ್ರತಿಯೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ. ನಿಯಮದಂತೆ ಸಕ್ರಮಗೊಳಿಸಲು ಸಾಧ್ಯವಿರುವ ಭಾಗವಿದ್ದರೆ ಅದಕ್ಕೆ ಶುಲ್ಕ ಕಟ್ಟಲು, ಸಾಧ್ಯವಿಲ್ಲದ ಭಾಗವಿದ್ದರೆ ನಾನೇ ತೆಗೆಯಲು ಕಾಲಾವಕಾಶ ಬೇಕು. ಆದೇಶ ಮಾಡುವ ಮೊದಲು ನನ್ನನ್ನು ಖುದ್ದಾಗಿ ಕರೆಸಿ ಕೇಳಬೇಕೆಂದು ವಿನಂತಿಸುತ್ತೇನೆ.”

ಖಾತಾ ಗಂಡನ ಅಥವಾ ಮಾವನ ಹೆಸರಿನಲ್ಲಿದ್ದರೆ ಅವರ ಸಹಿ ಬೇಕು. ಮಾವ ತೀರಿಹೋಗಿ ಖಾತಾ ಬದಲಾಗದೆ ಉಳಿದಿರುವ ಮನೆಗಳು ಬಹಳ. ಹಾಗಿದ್ದರೆ ಆ ಮಾತನ್ನೂ ಬರೆಯಿರಿ, ವಾಸವಿರುವವರು ನೀವು ಎಂದು ತಿಳಿಸಿ ಸಹಿ ಮಾಡಿ. ಪತ್ರದ ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಸೀಲು ಹಾಕುವುದಿಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಇಬ್ಬರು ಮೂವರು ಒಟ್ಟಿಗೆ ಹೋಗಿ. ಒಬ್ಬಳೇ ಹೋದ ಹೆಂಗಸಿಗೆ ‘ನಾಳೆ ಬಾ’ ಎನ್ನುವ ಗುಮಾಸ್ತ, ಸಂಘದ ನಾಲ್ಕು ಜನ ಬೆಂಚಿನ ಮೇಲೆ ಕುಳಿತರೆ ಸೀಲು ಹುಡುಕುತ್ತಾನೆ. ಇದು ನಾವು ಎಷ್ಟೋ ಕಚೇರಿಗಳಲ್ಲಿ ಕಂಡ ಮಾತು.

ಪತ್ರದಲ್ಲಿ ಸುಳ್ಳು ಬೇಡ. ಹೊಸ ಗೋಡೆಗೆ ಸುಣ್ಣ ಬಳಿದು ‘ಇಪ್ಪತ್ತು ವರ್ಷದ ಹಳೆಯ ರೂಮು’ ಎಂದು ಬರೆಯುವವರಿದ್ದಾರೆ. ಎಂಜಿನಿಯರ್ ಫೋಟೋ ತೆಗೆದುಕೊಂಡು ಹೋಗಿರುತ್ತಾನೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಸುಪ್ರೀಂ ಕೋರ್ಟು ಹೇಳಿದ್ದು

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರು ಮನೆ ಒಡೆಯುವ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ತೀರ್ಪು ಕೊಟ್ಟರು. ಕೆಲವು ರಾಜ್ಯಗಳಲ್ಲಿ ಮನೆಯವನೊಬ್ಬನ ಮೇಲೆ ಅಪರಾಧದ ಆರೋಪ ಬಂತು ಅಂತ ಬುಲ್ಡೋಜರ್ ತಂದು ಇಡೀ ಮನೆಯನ್ನು ಕೆಡವಿದ ಸಂಗತಿಗಳು ಇದರ ಹಿಂದಿದ್ದವು. ರಾತ್ರಿ ಬೆಳಗಾಗುವುದರೊಳಗೆ ಹೆಂಗಸರು, ಮಕ್ಕಳು, ಮುದುಕರನ್ನು ಬೀದಿಗೆ ತರುವುದು ನೋಡಲಾಗದ ದೃಶ್ಯ ಎಂಬ ಅರ್ಥದ ಮಾತನ್ನೂ ನ್ಯಾಯಾಲಯ ಹೇಳಿತು.

ತೀರ್ಪಿನಂತೆ ಮುಂಚಿತವಾಗಿ ನೋಟೀಸು ಕೊಡದೆ ಒಡೆಯುವಂತಿಲ್ಲ. ಊರಿನ ಕಾನೂನು ಹೇಳಿದಷ್ಟು ದಿನ, ಇಲ್ಲವೇ ನೋಟೀಸು ತಲುಪಿ 15 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಕೊಡಬೇಕು. ನೋಟೀಸನ್ನು ಅಂಚೆಯಲ್ಲಿ ಕಳಿಸುವುದರ ಜೊತೆಗೆ ಕಟ್ಟಡದ ಮೇಲೂ ಅಂಟಿಸಬೇಕು. ಏನು ತಪ್ಪಾಗಿದೆ, ಯಾವ ದಿನ ವಿಚಾರಣೆ, ಯಾರ ಮುಂದೆ, ಯಾವ ದಾಖಲೆ ತರಬೇಕು ಎಂಬುದು ಅದರಲ್ಲಿರಬೇಕು. ಹಳೆಯ ತಾರೀಖು ಹಾಕಿ ಮೋಸ ಮಾಡದಂತೆ ಜಿಲ್ಲಾಧಿಕಾರಿ ಕಚೇರಿಗೆ ಕೂಡಲೇ ಇ-ಮೇಲ್ ಹೋಗಬೇಕು. ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಕೊಟ್ಟು, ಹೇಳಿದ್ದನ್ನು ಬರೆದುಕೊಳ್ಳಬೇಕು. ಅಂತಿಮ ಆದೇಶದಲ್ಲಿ ದಂಡ ಕಟ್ಟಿಸಿಕೊಂಡು ಉಳಿಸಲು ಬರುತ್ತದೆಯೇ, ಒಂದು ಭಾಗ ಮಾತ್ರ ತೆಗೆದರೆ ಸಾಲದೇ, ಒಡೆಯುವುದೊಂದೇ ದಾರಿ ಯಾಕೆ ಎಂಬುದಕ್ಕೆ ಕಾರಣ ಬರೆಯಬೇಕು. ಆ ಆದೇಶ ಬಂದ ಮೇಲೂ 15 ದಿನ ಒಡೆಯುವಂತಿಲ್ಲ. ಆ ದಿನಗಳಲ್ಲಿ ಮೇಲ್ಮನವಿ ಹಾಕಬಹುದು ಅಥವಾ ಮನೆಯವರೇ ತೆಗೆದುಕೊಳ್ಳಬಹುದು. ಒಡೆಯುವುದನ್ನು ವಿಡಿಯೋ ಮಾಡಬೇಕು. ಇದನ್ನು ಮೀರಿದ ಅಧಿಕಾರಿ ತನ್ನ ಸ್ವಂತ ದುಡ್ಡಿನಿಂದ ನಷ್ಟ ತುಂಬಿಕೊಡಬೇಕಾಗುತ್ತದೆ.

ಇದನ್ನು ಓದಿ ಎಲ್ಲರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ರಸ್ತೆ, ಫುಟ್‌ಪಾತ್, ರೈಲು ಹಳಿಯ ಬದಿ, ನದಿ, ಕೆರೆಗಳಂಥ ಜಲಮೂಲಗಳ ಮೇಲೆ ಅನುಮತಿಯಿಲ್ಲದೆ ಕಟ್ಟಿದ್ದಕ್ಕೂ, ಕೋರ್ಟೇ ಒಡೆಯಲು ಹೇಳಿದ ಕಟ್ಟಡಕ್ಕೂ ಈ ರಕ್ಷಣೆ ಅನ್ವಯಿಸುವುದಿಲ್ಲ ಎಂದು ಅದೇ ತೀರ್ಪಿನಲ್ಲಿದೆ. ನಮ್ಮ ಸಂಘಗಳ ಅತ್ಯಂತ ಬಡ ಸದಸ್ಯೆಯರು ಬಾಳುವುದು ಇಂಥ ಜಾಗಗಳಲ್ಲೇ. ಅವರು ನೋಟೀಸಿಗೆ ಕಾಯಬಾರದು. ನಿಮ್ಮ ಬಡಾವಣೆ 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆ ಆಗಿದೆಯೇ ಎಂದು ಕೊಳಚೆ ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲಿ ಕೇಳಿ. ಸರ್ಕಾರಿ ಜಾಗದ ಮನೆಗೆ ಹಕ್ಕುಪತ್ರ ಕೇಳಿ ಹಿಂದೆ ತಾಲ್ಲೂಕು ಕಚೇರಿಗೆ 94 ಸಿಸಿ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿ ಹುಡುಕಿಡಿ. ಎಷ್ಟು ವರ್ಷದಿಂದ ಇದ್ದೀರಿ ಎಂದು ತೋರಿಸುವ ಹಳೆಯ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಕರೆಂಟ್ ಬಿಲ್ಲು, ಮಕ್ಕಳ ಶಾಲೆಯ ದಾಖಲೆ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎತ್ತರದಲ್ಲಿಡಿ.

ಜನ ನಂಬಿಕೊಂಡಿರುವ ಕೆಲವು ಮಾತು

‘ಕಂದಾಯ ಕಟ್ಟುತ್ತೇವಲ್ಲ, ಮತ್ತೇನು?’ ಅನಧಿಕೃತ ಕಟ್ಟಡದಿಂದಲೂ ಪಾಲಿಕೆ ಕಂದಾಯ ತೆಗೆದುಕೊಳ್ಳುತ್ತದೆ, ಹೆಚ್ಚಿನ ದರದಲ್ಲೇ ತೆಗೆದುಕೊಳ್ಳುತ್ತದೆ. ಅದರಿಂದ ಕಟ್ಟಡ ಸಕ್ರಮ ಆಗುವುದಿಲ್ಲ. 2025ರಲ್ಲಿ ರಾಜ್ಯದ ಪಟ್ಟಣಗಳಲ್ಲಿ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು. ಬಿ-ಖಾತಾ ಸಿಕ್ಕಿದವರು ಸಿಹಿ ಹಂಚಿದರು. ಆಸ್ತಿ ಪಾಲಿಕೆಯ ಪುಸ್ತಕಕ್ಕೆ ಸೇರಿತು, ಅದು ಒಳ್ಳೆಯದೇ. ಆದರೆ ಮೇಲಿನ ರೂಮಿಗೆ ಅದು ಪರವಾನಗಿ ಅಲ್ಲ.

‘ಹೇಗೂ ಅಕ್ರಮ-ಸಕ್ರಮ ಬರುತ್ತದೆ.’ ಮನೆಗಳಲ್ಲಿ ಶೇಕಡಾ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಆ ಯೋಜನೆಗೆ 2014ರಲ್ಲಿ ನಿಯಮ ಬಂದವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದನ್ನೇ ನಂಬಿ ಸಾಲ ಮಾಡಿ ಕಟ್ಟಬೇಡಿ. ಸಣ್ಣ ವ್ಯತ್ಯಾಸಗಳನ್ನು ಶುಲ್ಕ ಕಟ್ಟಿಸಿಕೊಂಡು ಒಪ್ಪುವ ಅವಕಾಶ ಉಪವಿಧಿಗಳಲ್ಲೇ ಇರುತ್ತದೆ, ನಿಮ್ಮ ಊರಿನಲ್ಲಿ ಎಷ್ಟಕ್ಕೆ ಎಂದು ಕೇಳಿ ತಿಳಿಯಿರಿ.

‘ಐದು ಸಾವಿರ ಕೊಟ್ಟರೆ ಫೈಲು ಮುಚ್ಚಿಸುತ್ತೇನೆ’ ಅನ್ನುವ ಮಧ್ಯವರ್ತಿ. ಫೈಲು ಮುಚ್ಚಿತು ಎಂಬುದಕ್ಕೆ ಅವನು ಕಾಗದ ಕೊಡುವುದಿಲ್ಲ. ಆರು ತಿಂಗಳ ಮೇಲೆ ಪಕ್ಕದ ಮನೆಯವರು ದೂರು ಕೊಟ್ಟಾಗ ಅದೇ ಫೈಲು ತೆರೆಯುತ್ತದೆ, ಅವನು ಮಾತ್ರ ಸಿಗುವುದಿಲ್ಲ.

‘ಕರೆಂಟು ಆಮೇಲೆ ಹಾಕಿಸಿಕೊಳ್ಳೋಣ.’ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪಿನಲ್ಲಿ, ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಪ್ರಮಾಣಪತ್ರ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿತು. ಆಮೇಲೆ ಹೊಸ ಮನೆ ಕಟ್ಟಿ ಮೀಟರಿಗೆ ಅಲೆದವರು ಬಹಳ. 2025ರಲ್ಲಿ ಬೆಂಗಳೂರಿನಲ್ಲಿ 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟರು. ನಕ್ಷೆ ಮಂಜೂರಾತಿಯಿಂದ ಕೊಟ್ಟದ್ದಲ್ಲ, ಇದನ್ನು ಗಮನಿಸಿ.

ಬಾಡಿಗೆ ಮನೆಯಲ್ಲಿದ್ದರೆ

ಪಾಲಿಕೆಯ ಅಧಿಕಾರ ನಮ್ಮ ವಿರುದ್ಧ ಮಾತ್ರ ಇರುವುದಲ್ಲ, ನಮ್ಮ ಪರವಾಗಿಯೂ ಇದೆ. ಗೋಡೆ ಬಿರುಕು ಬಿಟ್ಟು ಬೀಳುವ ಸ್ಥಿತಿಯ ಮನೆ, ಶೌಚದ ನೀರು ಅಂಗಳಕ್ಕೆ ಹರಿಯುವ ಸಾಲುಮನೆ, ಹಾವು-ಹೆಗ್ಗಣ ಸೇರಿದ ಖಾಲಿ ಸೈಟು, ಇವುಗಳ ಮಾಲೀಕರಿಗೆ ಸರಿಪಡಿಸಿ ಎಂದು ನೋಟೀಸು ಕೊಡುವ ಅಧಿಕಾರವೂ ಆಯುಕ್ತರಿಗಿದೆ. ಒಬ್ಬಳೇ ದೂರು ಕೊಟ್ಟರೆ ಮಾಲೀಕ ಮನೆ ಖಾಲಿ ಮಾಡು ಅನ್ನುತ್ತಾನೆ, ಆ ಭಯ ನಿಜವಾದದ್ದು. ಸಂಘದ ಹೆಸರಿನಲ್ಲಿ, ಫೋಟೋ ಸಹಿತ, ಎಲ್ಲರ ಸಹಿ ಹಾಕಿ ಕೊಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿಯ ಅರ್ಜಿ ಹಾಕಿ, ‘ನಮ್ಮ ದೂರಿನ ಮೇಲೆ ಏನು ಕ್ರಮ ಆಯಿತು’ ಎಂದು ಕೇಳಿ. 30 ದಿನದೊಳಗೆ ಹೇಳಬೇಕು. ಬಿಪಿಎಲ್ ಕಾರ್ಡಿನವರಿಗೆ ಆ 10 ರೂಪಾಯಿಯೂ ಇಲ್ಲ.

ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇದೆ. ಸಹಾಯವಾಣಿ 15100. ಮೇಲ್ಮನವಿ ಹಾಕುವ ಹಂತಕ್ಕೆ ಬಂದರೆ ನಮ್ಮ ಕಾರ್ಯಕರ್ತೆಯರೂ ಜೊತೆಗೆ ಬರುತ್ತಾರೆ. ಆದರೆ ಗಡುವಿನ ಹಿಂದಿನ ದಿನ ಸಂಜೆ ಕರೆಯಬೇಡಿ.

ಸಂಘದ ಸಭೆಗೆ

ಮನೆಗೆ ಸಾಲ ಕೊಡುವಾಗ ಸಂಘಕ್ಕೂ ಜವಾಬ್ದಾರಿ ಇದೆ. ಒಂದೂವರೆ ಲಕ್ಷ ಸಾಲ ಪಡೆದು ಎಬ್ಬಿಸಿದ ರೂಮನ್ನು ಒಡೆದರೆ ರೂಮು ಹೋಗುತ್ತದೆ, ಕಂತು ಹೋಗುವುದಿಲ್ಲ. ಬಾಡಿಗೆಯಿಂದ ಕಟ್ಟುತ್ತೇನೆ ಎಂದವಳು ಈಗ ಕೂಲಿಯಿಂದ ಕಟ್ಟಬೇಕು, ಅವಳು ತಪ್ಪಿದರೆ ಸಂಘದ ಇತರ ಸದಸ್ಯೆಯರ ಉಳಿತಾಯಕ್ಕೇ ಕುತ್ತು. ಆದ್ದರಿಂದ ಅರ್ಜಿ ಬಂದ ದಿನವೇ ಕೇಳಿ: ಖಾತಾ ಯಾರ ಹೆಸರಿನಲ್ಲಿದೆ, ಈ ಅಂತಸ್ತಿಗೆ ನಕ್ಷೆ ಮಂಜೂರಾಗಿದೆಯೇ, ಪಾಯ ತಡೆಯುತ್ತದೆ ಎಂದು ಹೇಳಿದವರು ಎಂಜಿನಿಯರೋ ಮೇಸ್ತ್ರಿಯೋ. ಮನಸ್ಸಿಗೆ ಕಷ್ಟವಾದೀತು, ಆದರೂ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ನಕ್ಷೆ ಮಾಡಿಸುವ ಖರ್ಚನ್ನೂ ಸಾಲದ ಮೊತ್ತಕ್ಕೆ ಸೇರಿಸಿ ಕೊಡಬಹುದು. ಕೆಲವು ಸಂಘಗಳು ಪರವಾನಗಿ ತೋರಿಸಿದ ಮೇಲೆ ಎರಡನೇ ಕಂತು ಕೊಡುವ ಕ್ರಮ ಇಟ್ಟುಕೊಂಡಿವೆ.

ಮುಂದಿನ ಸಭೆಗೆ ಎಲ್ಲರೂ ಮನೆಯ ಖಾತಾ ಪತ್ರ, ಈ ವರ್ಷದ ಕಂದಾಯದ ರಸೀದಿ ತನ್ನಿ. ಬಾಡಿಗೆಯವರು ಕರಾರು ಪತ್ರ ತನ್ನಿ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ. ಹೆಸರು ಸರಿಯಾಗಿದೆಯೇ, ಅಳತೆ ಮನೆಗೆ ಹೊಂದುತ್ತದೆಯೇ ಎಂದು ಇಬ್ಬಿಬ್ಬರು ಕುಳಿತು ನೋಡಿ. ನಿಮ್ಮ ಬೀದಿಯಲ್ಲಿ ಯಾರ ಮನೆಗಾದರೂ ನೋಟೀಸು ಬಂದಿತ್ತೇ? ಅವರು ಏನು ಮಾಡಿದರು, ಏನಾಯಿತು? ಮನೆಯೊಳಗೆ ಇನ್ನೂ ಬಿಚ್ಚದ ಕಾಗದ ಇಟ್ಟುಕೊಂಡವರಿದ್ದರೆ ಸಭೆ ಮುಗಿದ ಮೇಲೆ ಪ್ರತಿನಿಧಿಯ ಹತ್ತಿರ ಒಬ್ಬರೇ ಬಂದು ತೋರಿಸಿ, ಎಲ್ಲರೆದುರು ಓದಬೇಕಾಗಿಲ್ಲ.